ಅಕ್ಕನ ಫೋನು ಚುರುಕಾದ ದಿನ

ಯಾವ ಫೋನೇ ಬರಲಿ, ಕಂಪನಿಯ ಸಾಫ್ಟ್‌ವೇರ್ ಕಿತ್ತು ಹವ್ಯಾಸಿಗಳು ಕಟ್ಟಿದ ಕಸ್ಟಮ್ ಸಾಫ್ಟ್‌ವೇರ್ ಹಾಕುವ ತನಕ ನನಗೆ ಊಟ ಸೇರುತ್ತಿರಲಿಲ್ಲ. ಜಾಹೀರಾತಿನ ಕಾಟ ತಪ್ಪುತ್ತದೆ, ಬ್ಯಾಟರಿ ಬಾಳುತ್ತದೆ, ಹಳೆಯ ಫೋನೂ ಚುರುಕಾಗುತ್ತದೆ. ಕ್ಯಾಮೆರಾ ಮಂಕಾಗುತ್ತದೆ, ಬ್ಯಾಂಕಿನ ಆ್ಯಪ್ ಮುನಿಸಿಕೊಳ್ಳುತ್ತದೆ; ಅದನ್ನು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ. ಕಲಬುರಗಿಯ ಶಹಾಬಜಾರದ ನಮ್ಮ ಓಣಿಯಲ್ಲಿ ನಾನು ಕೈಯಾಡಿಸದ ಫೋನ್ ಉಳಿದಿರಲಿಲ್ಲ.

ನನ್ನ ಅಕ್ಕ ಕಮಲಾಪುರದಲ್ಲಿ ಕುಬಸ ಹೊಲಿಯುತ್ತಾಳೆ. ಅವಳದೊಂದು ವಿಚಿತ್ರ ಪದ್ಧತಿ. ಬಟ್ಟೆ ತಂದವರು ಎದುರಿಗೇ ನಿಂತು ತೋಳು ಇಷ್ಟು, ಕೊರಳು ಅಷ್ಟು ಎಂದರೂ, “ಮನಿಗಿ ಹೋಗಿ ಫೋನ್ ಮಾಡಿ ಹೇಳ್ರೀ” ಎನ್ನುತ್ತಿದ್ದಳು. ದೊಡ್ಡ ಆಫೀಸರಮ್ಮ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಒಂದು ಭಾನುವಾರ ಹೋದಾಗ ಅವಳ ಫೋನ್ ತೆವಳುತ್ತಿತ್ತು. ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಾಗ, ಒಂದು ಮಾತೂ ಕೇಳದೆ, ಕಸ್ಟಮ್ ಸಾಫ್ಟ್‌ವೇರ್ ಹಾಕಿಬಿಟ್ಟೆ. ಫೋಟೊ, ನಂಬರುಗಳನ್ನು ಜೋಪಾನವಾಗಿ ತೆಗೆದಿಟ್ಟುಕೊಂಡಿದ್ದೆ. ರೆಕಾರ್ಡ್ ಆದ ಕರೆಗಳು ರಾಶಿ ಬಿದ್ದಿದ್ದವು. ಕಸ ಎಂದು ಅವನ್ನು ತೆಗೆದಿಡಲಿಲ್ಲ, ಎಲ್ಲ ಅಳಿಸಿಹೋದವು.

ಅಕ್ಕ ಫೋನ್ ಹಿಡಿದು ಏನನ್ನೋ ಹುಡುಕಿದಳು. ಮತ್ತೆ ಹುಡುಕಿದಳು.

“ಮಂದಿ ಮಾತೆಲ್ಲ ಎಲ್ಲಿ ಹೋದ್ವೋ? ಮದಿವಿ ಮನಿ ಕುಬಸ ಅದಾವ, ನಾಡಿದ್ದು ಕೊಡಬೇಕು.”

ಆಗ ತಿಳಿಯಿತು. ಕಂಪನಿಯ ಸಾಫ್ಟ್‌ವೇರ್ ಪ್ರತಿ ಕರೆಯನ್ನೂ ತಾನೇ ರೆಕಾರ್ಡ್ ಮಾಡಿಡುತ್ತಿತ್ತು. ಕತ್ತರಿ ಹಿಡಿಯುವ ಮುಂಚೆ ಅವಳು ಅದನ್ನೇ ಕೇಳಿಕೊಳ್ಳುತ್ತಿದ್ದಳು. ನಾನು ಹಾಕಿದ್ದರಲ್ಲಿ ಆ ಸೌಲಭ್ಯವೇ ಇಲ್ಲ.

“ಒಂದು ಹಾಳ್ಯಾಗ ಬರ್ಕೊಂಡಿದ್ರ ಏನಾಗ್ತಿತ್ತಕ್ಕಾ?” ತಪ್ಪು ಮಾಡಿದವನು ನಾನು, ಸಿಡುಕಿದವನೂ ನಾನೇ.

“ಬರಿಯಾಕ ಎಲ್ಲಿ ಬರ್ತದೋ ನನಗ? ಅವ್ವ ಕೂಲಿಗಿ ಹೋಗ್ತಿದ್ಳು, ನಿನ್ನ ಯಾರರೆ ಎತ್ಕೊಂಡು ಕುಂದ್ರಬೇಕಿತ್ತಲ್ಲ.”

ಬೈದು ಹೇಳಿದ್ದಲ್ಲ, ಸುಮ್ಮನೆ ಹೇಳಿದಳು. ಅವಳು ಸಹಿ ಮಾಡುತ್ತಾಳೆ, ಬಸ್ಸಿನ ಬೋರ್ಡ್ ಗುರುತು ಹಿಡಿಯುತ್ತಾಳೆ. ಓದು ಬರಹ ಬರುತ್ತದೆಂದೇ ಇಷ್ಟು ವರ್ಷ ತಿಳಿದಿದ್ದೆ. ಮುಖ ಎಲ್ಲಿಡಲಿ ಎನ್ನಿಸಿತು.

“ತಾ, ನಾನೇ ಬರ್ಕೊಡ್ತೀನಿ” ಎಂದೆ.

“ಬರ್ದದ್ದು ಓದಾಕ ನೀ ದಿನಾ ಬರ್ತೀಯೇನು?”

ಕಂಪನಿಯ ಸಾಫ್ಟ್‌ವೇರನ್ನೇ ಮರಳಿ ಹಾಕಿದೆ. ಫೋನ್ ಮತ್ತೆ ತೆವಳತೊಡಗಿತು. ಹೋದ ಮಾತುಗಳು ಬರಲಿಲ್ಲ. ಅಕ್ಕ ಒಬ್ಬೊಬ್ಬರಿಗೂ ಫೋನ್ ಮಾಡಿ ಅಳತೆ ಮತ್ತೆ ಕೇಳಿದಳು. ನಾನು ಎದುರಿಗೇ ಕೂತಿದ್ದೆ. ಅವಳು ಎಲ್ಲರಿಗೂ ಹೇಳಿದ್ದು ಒಂದೇ: “ತಪ್ಪು ನಂದೇರೀ, ನಾನೇ ಏನೋ ಒತ್ತಿಬಿಟ್ಟೆ. ನಮ್ಮ ತಮ್ಮ ಭಾಳ ಶ್ಯಾಣ್ಯಾ ಇದ್ದಾನ, ಅವನೇ ಸರಿ ಮಾಡಿಕೊಟ್ಟಾನ.”