ಬಸ್ಸಿನಲ್ಲಿ ಕಳಿಸಿದ ವೀಳ್ಯ

ಮಾಬ್ಲ ಭಟ್ಟರನ್ನು ಮದುವೆಯ ಅಡಿಗೆಗೆ ಗೊತ್ತುಮಾಡಬೇಕೆಂದರೆ ಫೋನು ಮಾಡಿದರೆ ಆಗುತ್ತಿರಲಿಲ್ಲ. ಶಿರಸಿಯ ಅವರ ಮನೆಗೆ ಯಜಮಾನನೇ ಬರಬೇಕು, ಜಗಲಿಯ ಮೇಲೆ ಕೂರಬೇಕು, ಬೆಲ್ಲ ನೀರು ಕುಡಿದು ಸುಧಾರಿಸಿಕೊಂಡ ಮೇಲೆ ಹರಿವಾಣದಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ ಇಟ್ಟು ಮುಂದೆ ಸರಿಸಬೇಕು. ಭಟ್ಟರು ಅದನ್ನು ಎತ್ತಿಕೊಂಡರೆ ಮುಗಿಯಿತು. ಆಮೇಲೆ ಆ ಮನೆಯವರು ಅಡಿಗೆಯ ಚಿಂತೆ ಬಿಟ್ಟು ಉಳಿದ ಚಿಂತೆ ಮಾಡಬಹುದಿತ್ತು.

ಹಿಡಿದ ವೀಳ್ಯವನ್ನು ಬಿಡುವುದಕ್ಕೂ ಕ್ರಮ ಇತ್ತು. ಅಡಿಗೆಯವನೇ ಆ ಮನೆಗೆ ಹೋಗಬೇಕು, ಅವರ ಹರಿವಾಣದಲ್ಲೇ ಎಲೆ ಅಡಿಕೆ ಹಿಂದಕ್ಕೆ ಇಡಬೇಕು, ಬಾಯಿಬಿಟ್ಟು ಕಾರಣ ಹೇಳಬೇಕು. ಮಾಬ್ಲ ಭಟ್ಟರು ಮೊದಲ ಮೂವತ್ತು ವರ್ಷದಲ್ಲಿ ಹಾಗೆ ಬಿಟ್ಟದ್ದು ಒಂದೇ ಸಲ. ಅಪ್ಪ ತೀರಿಕೊಂಡ ವರ್ಷ, ಸೂತಕ ಕಳೆದ ಮರುದಿನ ಬೋಳುತಲೆಯಲ್ಲೇ ಬನವಾಸಿಯ ಎರಡು ಮನೆಗೆ ಹೋಗಿ ಬಂದಿದ್ದರು. ಇಂಥ ಮನುಷ್ಯ ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಮಾಡಿದ್ದನ್ನು ನೆನೆಸಿಕೊಂಡರೆ, ಹೇಳುವ ನಮಗೇ ಮೈ ಹಿಡಿಯಾಗುತ್ತದೆ.

ಎಲ್ಲ ಸುರುವಾದದ್ದು ಅಪ್ಪೆಹುಳಿಯಿಂದ. ಬನವಾಸಿಯ ದೇವಸ್ಥಾನ ನೋಡಲು ಬಂದಿದ್ದ ಎಲೆನಿ ಎಂಬ ಪರದೇಶದ ಹೆಂಗಸನ್ನು ಯಾರೋ ಪುಣ್ಯಾತ್ಮರು ಅಲ್ಲಿಯ ಒಂದು ಮದುವೆಗೆ ಕರೆತಂದರು. ಆಕೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಭಟ್ಟರ ಅಪ್ಪೆಹುಳಿಯನ್ನು ನಾಲ್ಕು ಸಲ ಕೇಳಿ ಹಾಕಿಸಿಕೊಂಡಳು. ಕಾಡುಮಾವಿನ ಈ ತೆಳ್ಳನೆಯ ಹುಳಿನೀರನ್ನು ಶಿರಸಿ ಸೀಮೆಯಲ್ಲಿ ಎಲ್ಲರೂ ಮಾಡುತ್ತಾರೆ. ಆದರೆ ಭಟ್ಟರು ಒಗ್ಗರಣೆಗೆ ಇಂಗಿನ ಜೊತೆ ನಾಲ್ಕೇ ನಾಲ್ಕು ಜುಮ್ಮನಕಾಯಿ ಜಜ್ಜಿ ಹಾಕುತ್ತಿದ್ದರು. ನಾಲಿಗೆಯನ್ನು ಜುಮ್ಮೆನ್ನಿಸುವ ಆ ಕಾಡುಕಾಳು ಅವರ ಅಪ್ಪನಿಂದ ಬಂದ ಗುಟ್ಟು.

ಎಲೆನಿಗೆ ಕ್ರೀಟ್ ಎಂಬ ದ್ವೀಪದಲ್ಲಿ ಹನ್ನೆರಡು ಕೋಣೆಯ ವಸತಿಗೃಹ ಇತ್ತು. ಊರಿಗೆ ಹೋದವಳು ಮರೆಯದೆ ಕಾಗದ ಬರೆದಳು. ಮಾರ್ಚಿಯಿಂದ ಮೇ ತನಕ ಅಲ್ಲಿ ವಸಂತ, ಗುಡ್ಡದ ತುಂಬ ಹೂವು, ಅತಿಥಿಗಳೂ ಬಹಳ. ಆ ಮೂರು ತಿಂಗಳು ಬಂದಿದ್ದು ಅಡಿಗೆ ಮಾಡಿಕೊಡಬೇಕು, ಹೋಗಿಬರುವ ವ್ಯವಸ್ಥೆ ತನ್ನದು. ಓಣಿಯ ಕಾಲೇಜು ಮೇಷ್ಟ್ರು ಕಾಗದ ಓದಿ ಹೇಳಿದಾಗ ಭಟ್ಟರು ಗಂಭೀರವಾಗಿ, "ನೋಡನ" ಎಂದರು. ಮಾರನೇ ದಿನ ಬೆಳಿಗ್ಗೆ ಭೂಪಟದ ಪುಸ್ತಕ ಹುಡುಕಿಕೊಂಡು ಮೇಷ್ಟ್ರ ಮನೆ ಬಾಗಿಲಲ್ಲಿದ್ದರು.

ಭೂಮಧ್ಯ ಸಮುದ್ರದಲ್ಲಿ ಆ ದ್ವೀಪ ಒಂದು ಒಣಮೆಣಸಿನಕಾಯಿ ಅಡ್ಡ ಬಿದ್ದಂತೆ ಕಂಡಿತು. ಅವತ್ತಿನಿಂದ ಭಟ್ಟರು ನಿಂತಲ್ಲಿ ನಿಲ್ಲಲಿಲ್ಲ. ಇನ್ನೂರು ಪುಟದ ಪಟ್ಟಿಯಲ್ಲಿ ತೊಂಬತ್ತೆರಡು ದಿನದ ಅಡಿಗೆಯನ್ನು ತಾರೀಕು ಹಾಕಿ ಬರೆದರು. ಒಂದು ವಾರದಲ್ಲಿ ಮಾಡಿದ ಪದಾರ್ಥ ಅದೇ ವಾರ ಮತ್ತೆ ಬರಬಾರದು. ಅಲ್ಲಿ ಒಂದೆಲಗ ಬೆಳೆಯುತ್ತದೆಯೇ ಎಂದು ಎಲೆಯ ಚಿತ್ರ ಬರೆದು ಕಳಿಸಿದರು, ಇಲ್ಲ ಎಂದು ಉತ್ತರ ಬಂದಮೇಲೆ ಬೇರನ್ನೇ ಒದ್ದೆಬಟ್ಟೆಯಲ್ಲಿ ಕಟ್ಟಿ ಒಯ್ಯುವುದೆಂದು ನಿಶ್ಚಯಿಸಿದರು. ಜನ್ಮದಲ್ಲಿ ಮೊದಲ ಬಾರಿ ಎರಡು ಪ್ಯಾಂಟು ಹೊಲಿಸಿದರು. ಕಾಯಿ ತುರಿಯುವ ಹೆರೆಮಣೆಯನ್ನು ಆ ಪ್ಯಾಂಟಿನೊಳಗೆ ಸುತ್ತಿ ಪೆಟ್ಟಿಗೆಗೆ ಇಳಿಸಿದಾಗ ಹೆಂಡತಿ ಶ್ರೀಲಕ್ಷ್ಮಿ, "ಹೊಲಿಸಿದ್ದಕ್ಕೆ ಒಂದು ಉಪಯೋಗ ಆತು" ಎಂದು ನಕ್ಕಿದ್ದಳು.

ತೊಡಕು ಒಂದೇ. ಮಾರ್ಚಿಯಿಂದ ಮೇ ಎಂದರೆ ನಮ್ಮ ಕಡೆ ಮದುವೆ ಮುಂಜಿಯ ಕಾಲ. ಭಟ್ಟರು ದೀಪಾವಳಿಯ ಹೊತ್ತಿಗೇ ಆರು ಮನೆಯ ವೀಳ್ಯ ಹಿಡಿದಿದ್ದರು. ಶಿರಸಿಯ ಸುತ್ತಿನ ಐದು ಮನೆಗೆ ತಾವೇ ಹೋಗಿ ಬಿಟ್ಟು ಬಂದರು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ, ನಮ್ಮ ಭಟ್ಟರು ಸಮುದ್ರದಾಚೆ ಹೋಗುತ್ತಾರೆಂದು ಹೆಮ್ಮೆಯಿಂದ ಉಪ್ಪಿಟ್ಟು ತಿನ್ನಿಸಿ ಕಳಿಸಿದರು. ಉಳಿದದ್ದು ಸಿದ್ದಾಪುರದ ಹತ್ತಿರದ ಬಿಳಗಿಯ ಕಮಲಾಕರ ಹೆಗಡೆಯ ಮನೆ. ಮೇ ತಿಂಗಳಲ್ಲಿ ಅವನ ಮಗಳು ಅಭಿಜ್ಞಾಳ ಮದುವೆ.

ಕಮಲಾಕರನಿಗೆ ಭಟ್ಟರು ಹೆದರುತ್ತಿರಲಿಲ್ಲ. ಹೆದರಿದ್ದು ಅವನ ತಾಯಿ ಸೀತಮ್ಮನಿಗೆ. ಹದಿನೇಳನೆಯ ವಯಸ್ಸಿನಲ್ಲಿ ಮಾಬ್ಲ ಅಪ್ಪನ ಜೊತೆ ಮೊದಲು ಒಲೆಯ ಮುಂದೆ ನಿಂತದ್ದು ಆಕೆಯ ಹಿರಿಮಗಳ ಮದುವೆಯಲ್ಲಿ. ಗಡಿಬಿಡಿಯಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಸೀತಮ್ಮ ರುಚಿ ನೋಡಿದವಳು ಯಾರಿಗೂ ಹೇಳದೆ ಆ ಕೊಪ್ಪರಿಗೆಯನ್ನು ಹಿತ್ತಲಲ್ಲಿ ಚೆಲ್ಲಿಸಿ, ತಾನೇ ಬೇಳೆ ಬೇಯಿಸಿಕೊಟ್ಟು, ಪಂಕ್ತಿಯಲ್ಲಿ "ಸಾರು ಮಾಣಿ ಮಾಡಿದ್ದು" ಎಂದು ಹೇಳಿಕೊಂಡು ಬಡಿಸಿದ್ದಳು. ಅಂಥವಳ ಎದುರು ಕೂತು, ನಿಮ್ಮ ಮೊಮ್ಮಗಳ ಮದುವೆಗಿಂತ ನನಗೆ ದ್ವೀಪ ಹೆಚ್ಚು ಎನ್ನಬೇಕಿತ್ತು.

ಎರಡು ಸಲ ಹೊರಟರು. ಎರಡು ಸಲವೂ ಸಿದ್ದಾಪುರದ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಚಾ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದರು. ಮೂರನೆಯ ಸಲ ಶಿರಸಿಯಲ್ಲೇ ಸಿದ್ದಾಪುರದ ಬಸ್ಸಿನ ಹತ್ತಿರ ನಿಂತಿದ್ದಾಗ, ಯಾರೋ ಕಂಡಕ್ಟರನ ಕೈಗೆ ಔಷಧಿಯ ಪೊಟ್ಟಣ ಕೊಡುತ್ತಿದ್ದುದು ಕಂಡಿತು. ನಮ್ಮ ಕಡೆ ಕಂಡಕ್ಟರನ ಕೈಯಲ್ಲಿ ಹೋಗದ ವಸ್ತು ಇಲ್ಲ: ಔಷಧಿ, ಜಾತಕ, ಮಲ್ಲಿಗೆ ದಂಡೆ, ಮರೆತುಹೋದ ಕನ್ನಡಕ. ಭಟ್ಟರು ಅಲ್ಲೇ ಗೂಡಂಗಡಿಯಲ್ಲಿ ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡು ಕಾಗದದಲ್ಲಿ ಸುತ್ತಿದರು. ಮೇಲೆ, "ಅನಿವಾರ್ಯ ಕಾರಣದಿಂದ ಬರಲಾಗುವುದಿಲ್ಲ, ಕ್ಷಮಿಸಬೇಕು" ಎಂದು ಬರೆದು ಕಂಡಕ್ಟರನ ಕೈಗೆ ಕೊಟ್ಟರು. ಬಸ್ಸು ಹೊರಟಾಗ ಎದೆಯ ಮೇಲಿನ ಭಾರ ಇಳಿದಂತಾಯಿತು. ಆ ಹಗುರವನ್ನು ನೆನೆದು ಅವರು ಆಮೇಲೆ ಎಷ್ಟು ಸಲ ನಾಚಿಕೆಪಟ್ಟರೋ.

ಬಿಳಗಿಯಿಂದ ಉತ್ತರ ಬರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಫೆಬ್ರುವರಿ ಕೊನೆಯಲ್ಲಿ ಓಣಿಯವರು ಭಟ್ಟರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾಷಣ ಮಾಡಿದರು. ಎರಡು ದಿನ ಬಿಟ್ಟು ಎಲೆನಿಯ ಕಾಗದ ಬಂತು. ಒಳಗೆ ಒಣಗಿದ ಒಂದು ಹಳದಿ ಹೂವು, ನಾಲ್ಕು ಸಾಲು. ಅವಳ ತಾಯಿ ಕಾಯಿಲೆ ಬಿದ್ದಿದ್ದಾಳೆ, ಈ ವಸಂತ ವಸತಿಗೃಹ ತೆರೆಯುವುದಿಲ್ಲ, ದಯವಿಟ್ಟು ಮುಂದೆ ಯಾವಾಗಲಾದರೂ ಬನ್ನಿ. ಓದಿ ಹೇಳಿದ ಮೇಷ್ಟ್ರು ಒಳ್ಳೆಯವರು, ಯಾರ ಹತ್ತಿರವೂ ಬಾಯಿಬಿಡುವುದಿಲ್ಲ ಎಂದು ತಾವಾಗಿಯೇ ಮಾತು ಕೊಟ್ಟರು.

ಶ್ರೀಲಕ್ಷ್ಮಿ ಕಾಗದವನ್ನು ಹೂವಿನ ಸಮೇತ ಮಡಚಿ ಇಟ್ಟಳು. ಆಮೇಲೆ ಹೇಳಿದಳು: "ಆತು, ಹೋತು. ಮದುವೆಗೆ ಇನ್ನೂ ಎರಡು ತಿಂಗಳ ಮೇಲಿದ್ದು. ನಾಳೆ ಬಿಳಗಿಗೆ ಹೋಗಿ ಇದ್ದದ್ದು ಇದ್ದಂಗೆ ಹೇಳಿ. ಅವು ಬೇರೆ ಅಡಿಗೆಯವನ್ನ ಗೊತ್ತುಮಾಡಿದ್ರೆ ಅವನ ಕೈಕೆಳಗೆ ಕಾಯಿ ಹೆರೆಯಲಾರೂ ನಿಂತ್ಕಳಿ. ಅದ್ರಲ್ಲಿ ಎಂತ ಮರ್ಯಾದೆ ಹೋಗ್ತಿಲ್ಲೆ."

"ಶಾಲು ಹೊದಿಸಿಕಂಡವ ಆನು. ಈಗ ಕಾಯಿ ಹೆರೆಯಲೆ ಹೋಗ್ಲ?"

"ವೀಳ್ಯ ಬಸ್ಸಲ್ಲಿ ಕಳ್ಸಿದವ್ವೂ ನೀವೇಯ" ಎಂದಳು ಶ್ರೀಲಕ್ಷ್ಮಿ. ಭಟ್ಟರು ಸಿಟ್ಟಿನಿಂದ ಪೆಟ್ಟಿಗೆಯ ಮುಚ್ಚಳ ಹಾಕಿ ಹಗ್ಗ ಬಿಗಿದರು.

ದ್ವೀಪಕ್ಕೆ ಹೊರಡಲು ಮೊದಲೇ ಗೊತ್ತುಮಾಡಿದ್ದ ದಿನ, ಅದೇ ಹೊತ್ತಿಗೆ ಭಟ್ಟರು ಪ್ಯಾಂಟು ಹಾಕಿಕೊಂಡು ಹೊರಟೇಬಿಟ್ಟರು. ಓಣಿಯವರೆಲ್ಲ ಬಸ್‌ಸ್ಟ್ಯಾಂಡಿಗೆ ಬಂದು ಕೈಬೀಸಿದರು. ಯಲ್ಲಾಪುರದ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸು ಅದು. ಎಲ್ಲಿಗೆ ಹೋಗುವುದೆಂದು ಅವರಿಗೇ ತಿಳಿದಿರಲಿಲ್ಲ. ಕಿರವತ್ತಿಯಲ್ಲಿ ಬಸ್ಸು ಊಟಕ್ಕೆ ನಿಂತಾಗ ಪೆಟ್ಟಿಗೆ ಇಳಿಸಿಕೊಂಡು, ರಸ್ತೆ ಬದಿಯ ಢಾಬಾದಲ್ಲಿ ಕೂತವರು ಬಸ್ಸು ಹೋದರೂ ಏಳಲಿಲ್ಲ. ಢಾಬಾದ ಯಜಮಾನ ಮಡಿವಾಳಪ್ಪನ ಅಡಿಗೆಯವನು ಹಿಂದಿನ ವಾರವಷ್ಟೇ ಬಿಟ್ಟುಹೋಗಿದ್ದ. ಕೆಲಸ ಇದೆಯೇ ಎಂದು ಭಟ್ಟರು ಕೇಳಿದರು.

"ಅಡಿಗಿ ಬರ್ತೈತೇನ್ರಿ?" ಎಂದ ಮಡಿವಾಳಪ್ಪ, ಅವರ ಇಸ್ತ್ರಿಯ ಪ್ಯಾಂಟನ್ನು ಅನುಮಾನದಿಂದ ನೋಡುತ್ತ.

"ಸ್ವಲ್ಪ ಬರ್ತದೆ" ಎಂದರು ಮಾಬ್ಲ ಭಟ್ಟರು.

ಹೀಗೆ ದ್ವೀಪವಾಸ ಸುರುವಾಯಿತು. ಮೊಟ್ಟೆಯ ಬಾಣಲೆಗೆ ಅವರು ಕೈ ಹಚ್ಚಲಿಲ್ಲ, ಅದನ್ನು ಮಡಿವಾಳಪ್ಪನೇ ನೋಡಿಕೊಂಡ. ಆದರೆ ಒಲೆ ಒಂದೇ. ಲಾರಿಯವರಿಗೆ ಚಪಾತಿ ಲಟ್ಟಿಸುತ್ತ ಲಟ್ಟಿಸುತ್ತ ಅವರಿಗೆ ಪಟ್ಟಿಯ ನೆನಪಾಗುತ್ತಿತ್ತು. ಇವತ್ತು ಮಾರ್ಚಿ ಹನ್ನೊಂದು, ದ್ವೀಪದಲ್ಲಿ ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ. ಒದ್ದೆಬಟ್ಟೆಯ ಬೇರನ್ನು ಢಾಬಾದ ಹಿಂದೆ, ಪಾತ್ರೆ ತೊಳೆಯುವ ನಲ್ಲಿಯ ಬುಡದಲ್ಲಿ ನೆಟ್ಟರು. ಅದು ನಾಚಿಕೆ ಇಲ್ಲದೆ ಹಬ್ಬಿಕೊಂಡಿತು. ಶಿರಸಿಯ ಕಡೆಯ ಬಸ್ಸು ಬಂದು ನಿಂತರೆ ಮಾತ್ರ ಭಟ್ಟರು ಅಡಿಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಊರಲ್ಲಿ ಶ್ರೀಲಕ್ಷ್ಮಿ, ಹುಟ್ಟಿದಮೇಲೆ ಸುಳ್ಳು ಹೇಳಿ ಗೊತ್ತಿಲ್ಲದವಳು, ಕೇಳಿದವರಿಗೆಲ್ಲ "ಸೌಖ್ಯದಲ್ಲಿದ್ವಡ" ಎನ್ನಬೇಕಾಗಿತ್ತು. ಅದನ್ನು ನೆನೆದಾಗ ಅವರು ತಾವೇ ಮಾಡಿದ ಚಪಾತಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಏಪ್ರಿಲಿನಲ್ಲಿ ಅಪ್ಪೆಕಾಯಿ ಬಂತು. ಭಟ್ಟರು ತಡೆಯಲಾರದೆ, ಪೆಟ್ಟಿಗೆಯಲ್ಲಿ ತಂದಿದ್ದ ಜುಮ್ಮನಕಾಯಿ ಜಜ್ಜಿ ಹಾಕಿ ತಮಗೆಂದು ಅಪ್ಪೆಹುಳಿ ಮಾಡಿಕೊಂಡರು. ಮಡಿವಾಳಪ್ಪ ಒಂದು ಗುಟುಕು ಕುಡಿದು, "ಏನ್ರೀ ಭಟ್ರ, ಇಷ್ಟು ದಿನಾ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ?" ಎಂದ. ಮರುದಿನದಿಂದ ಅದನ್ನು ಗಡಿಗೆಗಟ್ಟಲೆ ಮಾಡಬೇಕಾಯಿತು.

ಮೇ ತಿಂಗಳ ಒಂದು ಸುಡುಮಧ್ಯಾಹ್ನ ಢಾಬಾದ ಮುಂದೆ ಬಾಳೆಕಂದು ಕಟ್ಟಿದ ಒಂದು ಬಸ್ಸು ನಿಂತಿತು. ಭಟ್ಟರು ಕಿಟಕಿಯ ಸಂದಿಯಿಂದ ನೋಡಿದರು. ಹೊಸ ಸೀರೆಯಲ್ಲಿ ಅಭಿಜ್ಞಾ ಇಳಿದಳು, ಹಿಂದೆ ಕಮಲಾಕರ. ಮದುವೆ ಹಿಂದಿನ ದಿನ ಮುಗಿದಿತ್ತು. ಹುಡುಗಿಯನ್ನು ಮನೆ ತುಂಬಿಸಲು ಎಲ್ಲರೂ ಧಾರವಾಡಕ್ಕೆ ಹೊರಟಿದ್ದರು. ಕೊನೆಗೆ ಇಬ್ಬರು ಹಿಡಿದುಕೊಂಡು ಸೀತಮ್ಮನನ್ನು ಇಳಿಸಿದರು. ಕಾಡುದಾರಿಯ ತಿರುವುಗಳಲ್ಲಿ ವಾಂತಿಯಾಗಿ ಮುದುಕಿ ಬಿಳುಚಿಹೋಗಿದ್ದಳು.

"ಬರ್ರಿ, ಅಜ್ಜಿಯವ್ರನ್ನ ಇಲ್ಲೆ ನೆರಳಿಗೆ ಕುಂದರಸ್ರಿ. ಹುಳೀದು ಒಂದು ಕುಡಿಯಾಕ ಐತ್ರಿ, ಜೀವ ತಣ್ಣಗಾಗ್ತೈತಿ" ಎಂದು ಮಡಿವಾಳಪ್ಪ ಲೋಟ ತುಂಬಿ ತಂದ.

ಸೀತಮ್ಮ ಎಂಬತ್ತು ವರ್ಷದಲ್ಲಿ ಹೋಟೆಲಿನ ನೀರನ್ನೂ ಮುಟ್ಟಿದವಳಲ್ಲ. ಕಮಲಾಕರ ಒತ್ತಾಯ ಮಾಡಿದ ಮೇಲೆ ಕಣ್ಣು ಮುಚ್ಚಿಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಕಣ್ಣು ಬಿಟ್ಟು, ಲೋಟವನ್ನು ಪೂರ್ತಿ ಮುಗಿಸಿ ಇನ್ನೊಂದು ಬೇಡಿದಳು.

"ತಮಾ, ಇದು ಮಾಬ್ಲನ ಕೈ" ಎಂದಳು.

"ಎಂತ ಹೇಳ್ತೆ ಆಯಿ! ಭಟ್ರು ಸಮುದ್ರದಾಚೆ ಇದ್ವಲೆ" ಎಂದ ಕಮಲಾಕರ. ಎಂದವನು ಒಂದು ಗುಟುಕು ತಾನೂ ಕುಡಿದ. ಎದ್ದು ನೇರ ಅಡಿಗೆಮನೆಯ ಬಾಗಿಲಿಗೆ ಬಂದ.

ಭಟ್ಟರಿಗೆ ಅಡಗಲು ಜಾಗ ಇರಲಿಲ್ಲ. ಕೈಯಲ್ಲಿ ಸೌಟು, ಮೈಮೇಲೆ ಮಸಿ ಹಿಡಿದ ಬನಿಯನ್ನು, ಸೊಂಟಕ್ಕೆ ದ್ವೀಪಕ್ಕೆಂದು ಹೊಲಿಸಿದ ಪ್ಯಾಂಟು. ಭೂಮಿ ಬಾಯಿ ಬಿಡಬಾರದೇ ಎಂದು ಅವರಿಗೆ ನಿಜವಾಗಿಯೂ ಅನ್ನಿಸಿತು. ಕಮಲಾಕರ ಅವರನ್ನು ಮೇಲಿಂದ ಕೆಳಗೆ ನೋಡಿದ. ಅವನ ಮುಖದಲ್ಲಿ ಸಿಟ್ಟು ಬರುವುದನ್ನು ಭಟ್ಟರು ಕಾದರು. ಸಿಟ್ಟು ಬರಲಿಲ್ಲ, ಬಂದದ್ದು ಕನಿಕರ. ಅವನು ತಿರುಗಿ ಹೋದ. ಹೊರಗೆ ಎಲ್ಲರಿಗೂ ಕೇಳುವಂತೆ, "ಯಾರೋ ಘಟ್ಟದ ಕೆಳಗಿನವು. ಮಾಬ್ಲ ಭಟ್ರಲ್ಲ" ಎಂದ. ತಮ್ಮ ಮರ್ಯಾದೆ ಉಳಿಸಲು ಈಗ ಇನ್ನೊಬ್ಬರೂ ಸುಳ್ಳು ಹೇಳಿದರು ಎಂದುಕೊಂಡು ಭಟ್ಟರು ಸೌಟನ್ನು ಕೆಳಗಿಟ್ಟರು. ಬಸ್ಸು ಹೊರಟು ಎಷ್ಟೋ ಹೊತ್ತಿನ ತನಕ ಹಿಟ್ಟಿನ ಡಬ್ಬದ ಮೇಲೆ ಕೂತೇ ಇದ್ದರು.

ಎರಡು ದಿನ ಬಿಟ್ಟು ಅವರು ಮಡಿವಾಳಪ್ಪನಿಗೆ ಇದ್ದ ಕಥೆಯನ್ನೆಲ್ಲ ಹೇಳಿ, ಪೆಟ್ಟಿಗೆ ಹೊತ್ತುಕೊಂಡು ಬಸ್ಸು ಹತ್ತಿದರು. ಶಿರಸಿಯಲ್ಲಿ ಮನೆಗೆ ಹೋಗಲಿಲ್ಲ. ಸಿದ್ದಾಪುರದಲ್ಲಿ ಚಾ ಕುಡಿಯಲಿಲ್ಲ. ಬಿಳಗಿ ತಲುಪಿದಾಗ ಕಮಲಾಕರನ ಅಂಗಳದಲ್ಲಿ ಚಪ್ಪರ ಬಿಚ್ಚುತ್ತಿದ್ದರು. ನೆಂಟರು, ಕೇರಿಯವರು ಇಪ್ಪತ್ತು ಜನ ಇದ್ದರು.

"ಓಹೋ, ಭಟ್ರು!" ಎಂದು ಕಮಲಾಕರ ಎದ್ದು ಬಂದ. ಎಲ್ಲರ ಎದುರಿಗೆ, ಭಟ್ಟರ ಕಣ್ಣನ್ನೇ ನೋಡುತ್ತ ಕೇಳಿದ: "ಯಾವಾಗ ಬಂದ್ರಿ? ಹ್ಯಾಂಗಿತ್ತು ದ್ವೀಪ?"

ಭಟ್ಟರು ನುಣುಚಿಕೊಳ್ಳಲೆಂದು ಅವನೇ ದಾರಿ ಮಾಡಿಕೊಟ್ಟಿದ್ದ. ಚೆನ್ನಾಗಿತ್ತು ಎಂದರೆ ಸಾಕಿತ್ತು. ಗುಡ್ಡದ ತುಂಬ ಹೂವಿತ್ತು ಎಂದರೆ ಇಪ್ಪತ್ತು ಜನ ಬಾಯಿ ಕಳೆದು ಕೇಳುತ್ತಿದ್ದರು. ಭಟ್ಟರ ನಾಲಿಗೆಯ ತುದಿಗೆ ಅದು ಬಂದೂ ಬಂತು.

"ಆನು ಹೋಗಿದ್ನೇ ಇಲ್ಲೆ" ಎಂದರು. "ಕಿರವತ್ತಿಲಿ ಇದ್ದಿದ್ದೆ. ಢಾಬಾದಲ್ಲಿ."

ಚಪ್ಪರ ಬಿಚ್ಚುವವರ ಕೈ ನಿಂತಿತು. ಯಾರೋ ನಗಲು ಹೋಗಿ ಕೆಮ್ಮಿದರು. ಭಟ್ಟರು ಜಗಲಿಯ ಮೇಲಿದ್ದ ಸೀತಮ್ಮನ ಹತ್ತಿರ ಹೋಗಿ, ಆಕೆಯ ಕವಳದ ಹರಿವಾಣದಲ್ಲಿ ಎರಡು ಎಲೆ, ಒಂದು ಅಡಿಕೆ ಇಟ್ಟು, ತಲೆ ನೆಲಕ್ಕೆ ಮುಟ್ಟಿಸಿದರು.

"ಮೊದಲು ಉಣ್ಣು" ಎಂದಳು ಸೀತಮ್ಮ.

ಬಾಳೆಲೆ ಹಾಕಿ ಕಮಲಾಕರನೇ ಬಡಿಸಿದ. ಮೂವತ್ತು ವರ್ಷ ಊರೆಲ್ಲ ಉಂಡ ಮೇಲೆ ಕೂತವರು ಅವತ್ತು ಒಬ್ಬರೇ ಎಲೆಯ ಮುಂದೆ ಕೂತಿದ್ದರು. ಸೀತಮ್ಮ ಎದುರಿಗೆ ಬಂದು ಕಂಬಕ್ಕೆ ಒರಗಿ ಕೂತಳು.

"ದ್ವೀಪಕ್ಕೆ ಹೋಗವು ಹೇಳಿ ಆಸೆ ಆದ್ದು ತಪ್ಪಲ್ಲ. ಹೋಗಲೆ ಆಗದ್ದೂ ತಪ್ಪಲ್ಲ. ಕಿರವತ್ತಿಲಿ ಕೂತದ್ದು ನಿನ್ನ ಹುಚ್ಚು, ನಂಗೆಂತ?" ಎಂದಳು. ಆಮೇಲೆ ಧ್ವನಿ ತಗ್ಗಿಸಿ, ಮಗುವನ್ನು ಕೇಳುವಂತೆ ಕೇಳಿದಳು: "ಆದ್ರೆ ಮಾಬ್ಲ, ಆ ವೀಳ್ಯ ಬಸ್ಸಲ್ಲಿ ಎಂತಕ್ಕೆ ಕಳ್ಸಿದೆ? ನೀ ಬಂದು ಹೇಳಿದ್ರೆ ಆನು ಬೇಡ ಹೇಳ್ತಿದ್ನ?"

ಭಟ್ಟರ ಕೈಯಲ್ಲಿ ಮೊದಲ ತುತ್ತು ಇತ್ತು. ಅದನ್ನು ಬಾಯಿಗಿಡಲೂ ಆಗಲಿಲ್ಲ, ಎಲೆಗೆ ಬಿಡಲೂ ಆಗಲಿಲ್ಲ. ಮುದುಕಿ ಉತ್ತರಕ್ಕೆ ಕಾಯುತ್ತ ಕೂತೇ ಇದ್ದಳು.