ಕಠ್ಮಂಡುವಿಗೆ ಹೋದ ಐದು ಗಂಟೆ

ಜಯನಗರದ ನಮ್ಮ ಮನೆಯ ಗೋಡೆ ಗಡಿಯಾರ ಹದಿನೈದು ನಿಮಿಷ ಮುಂದಿದೆ. ಕೆಟ್ಟಿಲ್ಲ, ಬೇಕೆಂದೇ ಇಟ್ಟದ್ದು. ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದೀತು, ಒಪ್ಪಿಕೊಳ್ಳಿ. ಬಸ್ಸು ತಪ್ಪದಿರಲೆಂದು ಮುಂದಿಡುವುದು, ನೋಡಿದಾಗಲೆಲ್ಲ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು ನಿಧಾನವಾಗಿ ಕಾಫಿ ಕುಡಿಯುವುದು. ಇದರಿಂದ ಯಾರು ಉದ್ಧಾರವಾದರೋ ದೇವರಿಗೇ ಗೊತ್ತು.

ನಾನು ಈ ಸಂಪ್ರದಾಯವನ್ನು ಲ್ಯಾಪ್‌ಟಾಪಿಗೂ ಕಲಿಸಲು ಹೋದೆ. ಎಷ್ಟು ಸಲ ಮುಂದಿಟ್ಟರೂ ಇಂಟರ್ನೆಟ್ ಸಿಕ್ಕ ಕೂಡಲೇ ಆ ಹಟಮಾರಿ ಮತ್ತೆ ಸರಿಯಾಗಿಬಿಡುತ್ತಿತ್ತು. ರೇಗಿಹೋಯಿತು. ಸೆಟ್ಟಿಂಗ್ಸ್ ಕೆದಕಿದಾಗ ಊರುಗಳ ಪಟ್ಟಿಯೊಂದು ಸಿಕ್ಕಿತು. ಅದರಲ್ಲಿ ಕಠ್ಮಂಡು! ನೇಪಾಳ ನಮಗಿಂತ ಸರಿಯಾಗಿ ಹದಿನೈದು ನಿಮಿಷ ಮುಂದೆ. ಒತ್ತಿದೆ, ಹೆಂಡತಿಗೆ ಹೆಮ್ಮೆಯಿಂದ ಹೇಳಿಯೂ ಹೇಳಿದೆ.

ನನ್ನ ಹೆಂಡತಿ ವಿಮಲಾ ಮೂವತ್ತು ವರ್ಷ ಶಾಲೆಯಲ್ಲಿ ಸಂಗೀತ ಕಲಿಸಿದವಳು. ಬೆಲ್ ಹೊಡೆದ ಮೇಲೆ ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ. ನಿವೃತ್ತಿಯಾದ ಮೇಲೆ ಆನ್‌ಲೈನ್ ಪಾಠ ಶುರು ಮಾಡುವ ಧೈರ್ಯ ಮಾಡಿದಳು. ಉತ್ತರಹಳ್ಳಿ, ಅಂಜನಾಪುರದ ಆರು ಜನ ಹೆಂಗಸರು ಸೇರಿದರು. ಲ್ಯಾಪ್‌ಟಾಪಿನ ಕ್ಯಾಲೆಂಡರಿನಲ್ಲಿ ಭಾನುವಾರ ಐದು ಗಂಟೆ ಎಂದು ತಾನೇ ಬರೆದು ಎಲ್ಲರಿಗೂ ಕಳಿಸಿದಳು.

ಭಾನುವಾರ ರೇಷ್ಮೆ ಸೀರೆಯುಟ್ಟು, ಗೋಡೆಯ ಐದೂಕಾಲರಲ್ಲಿ ಕಾಲು ಗಂಟೆ ಕಳೆದು, ಸರಿಯಾಗಿ ಐದಕ್ಕೆ ಕೂತಳು. ಪರದೆ ಖಾಲಿ. ಫೋನಿನಲ್ಲಿ ಮಾತ್ರ ಒಂದು ಮೆಸೇಜು: “ಮೇಡಂ, ಕಾಲು ಗಂಟೆ ಕಾದ್ವಿ. ಇವತ್ತು ಕ್ಲಾಸ್ ಇಲ್ವಾ?”

ಕಾರಣ ಹುಡುಕಿದರೆ ನಾನೇ! ಕ್ಯಾಲೆಂಡರು ಕಿಟಕಿ ತೆಗೆದು ಹೊರಗಿರುವುದು ಜಯನಗರವೇ ಎಂದು ನೋಡುವುದಿಲ್ಲ. “ಯಾವ ಊರಪ್ಪಾ?” ಎಂದು ಲ್ಯಾಪ್‌ಟಾಪನ್ನು ಕೇಳುತ್ತದೆ, ಅಷ್ಟೆ. ಅದು ನಾನು ಹೇಳಿಕೊಟ್ಟಂತೆ ಕಠ್ಮಂಡು ಎಂದಿದೆ. ಅವಳ ಐದು ಗಂಟೆ ನೇಪಾಳದ ಐದಾಗಿ, ಆ ಹೆಂಗಸರ ಫೋನುಗಳಲ್ಲಿ ನಾಲ್ಕೂಮುಕ್ಕಾಲಾಗಿದೆ. ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಎದುರಾಡದೆ ನಂಬಿದ್ದು ಈ ಲ್ಯಾಪ್‌ಟಾಪೊಂದೇ, ಅದಕ್ಕೂ ಸುಳ್ಳು ಹೇಳಿದ್ದೆ.

“ಒಂದು ದಿನ ಲೇಟಾದವಳಲ್ಲ ರೀ ನಾನು. ಮೊದಲನೇ ಕ್ಲಾಸಿಗೇ ಮಾನ ಕಳೆದ್ರಲ್ಲ!” ಎಂದು ಲ್ಯಾಪ್‌ಟಾಪ್ ಮುಚ್ಚಿದಳು. ನನಗೆ ಎಲ್ಲಾದರೂ ಅವಿತುಕೊಳ್ಳೋಣ ಎನಿಸಿತು.

ಆರು ಜನಕ್ಕೂ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಮುಂದಿನ ಭಾನುವಾರಕ್ಕೆ ಒಪ್ಪಿಕೊಂಡರು. ಲ್ಯಾಪ್‌ಟಾಪನ್ನು ಭಾರತಕ್ಕೆ ಕರೆತಂದೆ. ಪ್ರಾಯಶ್ಚಿತ್ತಕ್ಕೆಂದು ಶನಿವಾರ ರಾತ್ರಿ ಗೋಡೆ ಗಡಿಯಾರವನ್ನೂ ಸದ್ದಿಲ್ಲದೆ ಸರಿಮಾಡಿಟ್ಟೆ.

ಭಾನುವಾರ ಬಂತು. ಗಡಿಯಾರದಲ್ಲಿ ಐದಕ್ಕೆ ಐದು ನಿಮಿಷ. ವಿಮಲಾ ಹಳೇ ಸೀರೆಯಲ್ಲೇ ಆರಾಮಾಗಿ ಅವರೆಕಾಯಿ ಸುಲಿಯುತ್ತಿದ್ದಳು.

“ಕ್ಲಾಸು?” ಎಂದೆ.

“ಇನ್ನೂ ಇಪ್ಪತ್ತು ನಿಮಿಷ ಇದೆ.”

“ಐದೇ ನಿಮಿಷ ಇರೋದು ಕಣೇ! ಗಡಿಯಾರ ಸರಿ ಮಾಡ್ಬಿಟ್ಟಿದೀನಿ.”

ಕಾಳೆಲ್ಲ ನೆಲದ ಪಾಲಾಯಿತು. ಅದೇ ಸೀರೆಯಲ್ಲಿ, ಏದುಸಿರು ಬಿಡುತ್ತಾ, ಐದು ಹೊಡೆಯುವಷ್ಟರಲ್ಲಿ ಕೂತುಬಿಟ್ಟಳು. ಆರು ಮುಖಗಳೂ ಪರದೆಯ ಮೇಲೆ ಬಂದವು.

ಪಾಠ ಮುಗಿಸಿ ಹೊರಬಂದವಳು ಸ್ಟೂಲು ತಂದು ಗಡಿಯಾರದ ಕೆಳಗಿಟ್ಟಳು.

“ಹತ್ತಿ. ಮೊದಲಿನ ಹಾಗೇ ಇಡಿ. ಅದು ಎಷ್ಟು ಸುಳ್ಳು ಹೇಳುತ್ತೆ ಅಂತ ನಂಗೊತ್ತು. ನಿಮ್ದೇ ಗೊತ್ತಾಗಲ್ಲ.”