ಹಿಂದಿನ ಸೀಟಿನ ನಟ್ಟನಡುವೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ಮುಂದೆ ಎರಡು ಸಾಧಾರಣ ಕಾರುಗಳು, ಒಂದು ಬಿಳಿ, ಒಂದು ಬೂದು. ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ, ಇಬ್ಬರು ಗಂಡಸರ ಭುಜಗಳ ಮಧ್ಯೆ, ಐವತ್ತು ದಾಟಿದ ಹೆಂಗಸೊಬ್ಬರು ತೂರಿಕೊಂಡು ಕೂರುತ್ತಾರೆ. ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಮುಷ್ಟಿಯಿಟ್ಟು ನೋಡುತ್ತಾರೆ. ಮುಷ್ಟಿ ಸಿಕ್ಕಿಕೊಳ್ಳುತ್ತದೆ.

ಯಾವ ಕಾರಿನಲ್ಲಿ ಮನೆಮಂದಿ ಇಕ್ಕಟ್ಟಿಲ್ಲದೆ ಕೂರಬಹುದೆಂದು ಹೋಲಿಸಿ ವರದಿ ಕೊಡುವ ಸಂಸ್ಥೆಯಲ್ಲಿ ಇವರದು ದಿನಗೂಲಿ. ಜೊತೆಗಾರರಿಗೆ ಇವರು 'ನಡುವಿನಕ್ಕ'. 'ನಡುವೆ ಕೂತವರಿಗೆ ತುಸು ಇಕ್ಕಟ್ಟು' ಎಂದು ನೀವು ಕಾಫಿ ಹೀರುತ್ತಾ ಓದುತ್ತೀರಲ್ಲ, ಆ ಇಕ್ಕಟ್ಟನ್ನು ಅನುಭವಿಸಿದ್ದು ಇವರ ಮೈ.

"ಸೀಟಿನ ಕವರ್ ಹೊಲಿಯೋಕೆ ಬಂದಿದ್ದೆ. ಸ್ವಲ್ಪ ಕೂತು ನೋಡಮ್ಮ ಅಂದ್ರು. ಕೂತವಳು ಹನ್ನೆರಡು ವರ್ಷ ಎದ್ದೇ ಇಲ್ಲ" ಎಂದು ನಗುತ್ತಾರೆ.

ಆ ನಗು ಇಂದು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ತಿಂಗಳಿಂದ ಸೊಂಟದಲ್ಲಿ ಹುಟ್ಟಿದ ಸೆಳೆತ ಎಡಗಾಲಿಗೆ ಇಳಿಯುತ್ತಿದೆ. ಇಲ್ಲಿ ಬೆನ್ನೇ ಅಳತೆಗೋಲು. ಅದು ಕೆಟ್ಟಿದೆ ಎಂದು ಬಾಯಿಬಿಟ್ಟರೆ ಮಗಳನ್ನೂ ಮೊಮ್ಮಗುವನ್ನೂ ಸಾಕುವ ಕೂಲಿಗೇ ಸಂಚಕಾರ. ಬಾಯಿ ಮುಚ್ಚಿಕೊಂಡರೆ ಒಳ್ಳೆಯ ಸೀಟಿಗೂ ಕೆಟ್ಟ ಹೆಸರು.

ಮಧ್ಯಾಹ್ನ ಬೂದು ಕಾರಿನ ಸರದಿ. ಏರುರಸ್ತೆಯಲ್ಲಿ ಇವರ ಮುಖ ಬಿಗಿಯುತ್ತದೆ. ಮುಂದೆ ಕೂತ ಮೇಲ್ವಿಚಾರಕ ಕನ್ನಡಿಯಲ್ಲೇ ನೋಡುತ್ತಾನೆ.

"ಏನಕ್ಕ, ಸೀಟು ಸರಿಯಿಲ್ವಾ? ನೋವು ಅಂತ ಬರ್ಕೊಳ್ಲಾ?"

ಹೂಂ ಅಂದರೆ ಸಾಕು, ತಪ್ಪೆಲ್ಲ ಸೀಟಿನ ತಲೆಗೆ.

"ತಡೀರಿ ಸರ್. ಜಾಗ ಬದಲಾಯಿಸ್ತೀವಿ."

ಇದು ಈ ಕೆಲಸದ ಕಟ್ಟಳೆ. ನೋವು ಜಾಗದಲ್ಲೇ ಉಳಿದರೆ ಸೀಟಿನದು, ಎದ್ದವರ ಹಿಂದೆ ಬಂದರೆ ಅವರದು. ಕಿಟಕಿ ಪಕ್ಕ ಕೂತಿದ್ದ ಎತ್ತರದ ಜೊತೆಗಾರ 'ಲಂಬು' ನಡುವೆ ಬರುತ್ತಾನೆ, ಅಕ್ಕ ಕಿಟಕಿ ಪಕ್ಕಕ್ಕೆ. ಕಾರು ಮತ್ತೆ ಏರು ಹತ್ತುತ್ತದೆ.

"ಮೊಣಕಾಲು ಗದ್ದಕ್ಕೆ ಬಂದಿದೆ, ಅದು ನನ್ನ ಹಣೆಬರಹ. ಬೆನ್ನಿಗೇನೂ..." ಎಂದ ಲಂಬು ಅಕ್ಕನ ಮುಖ ನೋಡಿ ತಡವರಿಸುತ್ತಾನೆ. "ಅಲ್ಲ, ನೋವಿದೆ ಸರ್. ನಂಗೂ ನೋವಿದೆ. ಬರ್ಕೊಳ್ಳಿ."

"ಸುಮ್ನಿರಪ್ಪ. ಸುಳ್ಳು ಹೇಳೋಕೂ ಬರಲ್ಲ ನಿಂಗೆ." ಅಕ್ಕ ಕಿಟಕಿಯಾಚೆ ನೋಡುತ್ತಲೇ ಹೇಳುತ್ತಾರೆ. "ಸರ್, ನೋವು ನನ್ನ ಜೊತೇನೇ ಬಂದಿದೆ. ಸೀಟಿನದಲ್ಲ, ನಂದು."

ಮೇಲ್ವಿಚಾರಕನ ಪೆನ್ನು ನಿಲ್ಲುತ್ತದೆ. ಶೆಡ್ಡಿಗೆ ಮರಳಿದ ಮೇಲೆ ಹೇಳುತ್ತಾನೆ: "ನಾಳೆ ಬರೋದು ಬೇಡ. ಬೇಕಾದ್ರೆ ಫೋನ್ ಮಾಡ್ತೀವಿ."

ಆ ಫೋನು ಬರುವುದಿಲ್ಲವೆಂದು ಶೆಡ್ಡಿನ ಗೋಡೆಗೂ ಗೊತ್ತು. ಊರವರ ಬೆನ್ನಿಗೆ ಮೆತ್ತನೆಯ ಸೀಟು ಹುಡುಕಿ ಹುಡುಕಿ ಸವೆದ ಬೆನ್ನಿದು. ಅದಕ್ಕೆ ಊಟದ ಹೊತ್ತಿನಲ್ಲಿ ಕೂರಲು ಈ ಸಂಸ್ಥೆ ಇಷ್ಟು ವರ್ಷ ಕೊಟ್ಟದ್ದು ಒಂದು ಹಳೆಯ ಟೈರು. ಇದಕ್ಕೂ ಹೋಲಿಕೆಯ ವರದಿ ಬರೆಯುವವರು ಯಾರು?

ಅಕ್ಕ ಆ ಟೈರಿನ ಮೇಲೆ ಕೂತು ಊಟದ ಡಬ್ಬಿ ಮುಚ್ಚುತ್ತಾರೆ. ಗೋಡೆ ಹಿಡಿದು ಏಳುತ್ತಾರೆ.

"ಬೂದು ಕಾರೇ ಒಳ್ಳೇದು ಸರ್, ಹಾಗೇ ಬರೀರಿ. ಆಮೇಲೆ ಇಲ್ಲೊಂದು ಕುರ್ಚಿ ಹಾಕ್ಸಿ. ನಂಗಲ್ಲ, ನನ್ನ ಜಾಗಕ್ಕೆ ಬರೋಳಿಗೆ."